ಲೋಡು ಹತ್ತಿಸುವ ಮುನ್ನ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಸಾಗರದ ಕಡೆಯ ಅಡಿಕೆ ಬೆಳೆಗಾರರು ಗುಜರಾತಿಗೆ ಮಾಲು ಕಳಿಸಬೇಕು, ಸೊಸೈಟಿಯ ಮೂಲಕವಲ್ಲ, ಸ್ವಂತವಾಗಿ. ಬೆಂಗಳೂರಿನಿಂದ ಬೆಳಗಾವಿಗೆ ವರ್ಗವಾದ ಬ್ಯಾಂಕ್ ನೌಕರರು ಮನೆ ಸಾಮಾನು ಸಾಗಿಸಬೇಕು. ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುವವರಿಗೆ ಪುಣೆಯ ಗಿರಾಕಿಗೆ ಯಂತ್ರದ ಬಿಡಿಭಾಗ ತಲುಪಿಸಬೇಕು. ಎಲ್ಲರೂ ಕೇಳುವುದು ಇಷ್ಟೇ: ಈ ಟ್ರಾನ್ಸ್‌ಪೋರ್ಟ್‌ನವರನ್ನು ನಂಬಬಹುದೇ? ಅವರ ಲಾರಿಗೆ ಕಾಗದಪತ್ರ ಸರಿಯಿದೆಯೇ, ಅವರು ಎಷ್ಟು ಅಪಘಾತ ಮಾಡಿದ್ದಾರೆ, ಇದನ್ನೆಲ್ಲ ಎಲ್ಲಿ ನೋಡಬೇಕು?

ಉತ್ತರ ಎರಡು ತುಂಡಾಗಿದೆ, ಎರಡೂ ಒಂದೇ ಅಳತೆಯವಲ್ಲ. ನಿಮ್ಮ ಮುಂದೆ ನಿಂತಿರುವ ಲಾರಿಯ ಬಗ್ಗೆ ನಮ್ಮ ಸರ್ಕಾರ ಸಾಕಷ್ಟು ಹೇಳುತ್ತದೆ. ಮೊಬೈಲ್ ಇದ್ದವರು ಯಾರು ಬೇಕಾದರೂ ಐದು ನಿಮಿಷದಲ್ಲಿ ನೋಡಬಹುದು. ಆ ಲಾರಿಯನ್ನು ಕಳಿಸಿದ ಕಂಪನಿಯ ಬಗ್ಗೆ ಮಾತ್ರ ಬಹುತೇಕ ಏನೂ ಹೇಳುವುದಿಲ್ಲ. ಈ ಅಂತರವನ್ನು ತಿಳಿದುಕೊಂಡರೆ ಯಾವ ಕಾಗದ ಕೇಳಬೇಕು, ಯಾವುದನ್ನು ಬರೆಸಿಕೊಳ್ಳಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲ್ಲಾಳಿ ಅಂಗಡಿ ನಡೆಸುವ ಹಿರಿಯರೊಬ್ಬರು ನನಗೆ ಬಹಳ ವರ್ಷದಿಂದ ಪರಿಚಿತರು. ಸೀಸನ್‌ನಲ್ಲಿ ಅವರ ಅಂಗಡಿಯ ಮುಂದೆ ದಿನವೂ ಲಾರಿ ಲೋಡಾಗುತ್ತದೆ. ನಿಮ್ಮಲ್ಲಿ ಪರಿಶೀಲನೆ ಹೇಗೆ ಎಂದು ಕೇಳಿದಾಗ ಅವರು ಹೇಳಿದ್ದು: "ಗಾಡಿ ಬಾಗಲದಾಗ ಬಂದ್ ನಿಂತ ಮ್ಯಾಲ ಕಾಗದ ಕೇಳಿದ್ರ ಏನ್ ಉಪಯೋಗ್ರೀ? ಹಮಾಲರು ಚೀಲಾ ಹೊತ್ಕೊಂಡು ನಿಂತಿರ್ತಾರ, ಡ್ರೈವರ್ ಅವಸರಾ ಮಾಡ್ತಾನ. ಹಿಂದಿನ ದಿನಾನ ನಂಬರ್ ತರಿಸ್ಕೋಬೇಕು." ಅವರು ಮಾಡುವುದೂ ಹಾಗೆಯೇ. ಬುಕಿಂಗ್ ಏಜೆಂಟ್ ಫೋನು ಮಾಡಿ ಗಾಡಿ ಸಿಕ್ಕಿದೆ ಎಂದ ಕೂಡಲೇ ಬಾಡಿಗೆಯ ಮಾತಿಗೂ ಮೊದಲು ಗಾಡಿ ನಂಬರು ಮತ್ತು ಆರ್‌ಸಿಯ ಫೋಟೋ ವಾಟ್ಸ್‌ಆ್ಯಪ್‌ಗೆ ಬರಬೇಕು. ರಾತ್ರಿ ಊಟ ಮುಗಿಸಿ ಅವರ ಮಗ ಆ ನಂಬರನ್ನು ಪರಿವಾಹನ್ ಜಾಲತಾಣದಲ್ಲಿ ಹಾಕಿ ನೋಡುತ್ತಾನೆ. ಸರಿ ಕಂಡರೆ ಬೆಳಿಗ್ಗೆ ಗಾಡಿ ಒಳಗೆ, ಇಲ್ಲವಾದರೆ ಬೇರೆ ಗಾಡಿ.

ಆ ಹುಡುಗ ನೋಡುವ ಪರದೆಯನ್ನು ನಾವೂ ಸ್ವಲ್ಪ ಹತ್ತಿರದಿಂದ ನೋಡೋಣ. ದೇಶದ ಆರ್‌ಟಿಒಗಳ ನೋಂದಣಿ ವಿವರಗಳು ವಾಹನ್ ಎಂಬ ಒಂದು ದತ್ತಾಂಶ ವ್ಯವಸ್ಥೆಯಲ್ಲಿವೆ. ಚಾಲಕರ ಲೈಸೆನ್ಸ್ ವಿವರಗಳು ಸಾರಥಿ ಎಂಬ ಇನ್ನೊಂದರಲ್ಲಿ. ಎರಡನ್ನೂ ಕಟ್ಟಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ. ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಮೊಬೈಲ್ ನಂಬರಿಗೆ ಬರುವ ಒಟಿಪಿ ಕೊಟ್ಟು ಒಳಹೋದರೆ ಯಾವುದೇ ವಾಹನದ ನಂಬರು ಹಾಕಿ ನೋಡಬಹುದು. ಎಂಪರಿವಾಹನ್ ಹೆಸರಿನಲ್ಲೇ ಮೋಸದ ಆ್ಯಪ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿವೆ. ದಂಡದ ನೋಟಿಸು ಎಂದು ಬಂದ ಕೊಂಡಿಯನ್ನು ಒತ್ತಿ ಬ್ಯಾಂಕ್ ಖಾತೆ ಖಾಲಿ ಮಾಡಿಕೊಂಡವರಿದ್ದಾರೆ. ಆ್ಯಪ್ ಬೇಕಿದ್ದರೆ ಪ್ಲೇಸ್ಟೋರ್‌ನಿಂದಲೇ ಇಳಿಸಿಕೊಳ್ಳಿ, ಯಾರೋ ಕಳಿಸಿದ ಫೈಲನ್ನು ತೆರೆಯಲೇಬೇಡಿ.

ನಂಬರು ಹಾಕಿದ ಮೇಲೆ ಬರುವ ವಿವರಗಳಲ್ಲಿ ಮೊದಲು ಕಣ್ಣು ಹೋಗಬೇಕಾದದ್ದು ಎಫ್‌ಸಿಯ ಕಡೆಗೆ, ಅಂದರೆ ವಾಹನದ ಅರ್ಹತಾ ಪತ್ರದ ಅವಧಿಯ ಕಡೆಗೆ. ಹೊಸ ಲಾರಿಗೆ ಮೊದಲ ಎರಡು ವರ್ಷ ಎಫ್‌ಸಿ ಇರುತ್ತದೆ. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಬ್ರೇಕು, ದೀಪ, ಸ್ಟೀರಿಂಗ್, ಟೈರು ಇವೆಲ್ಲ ಸರಿಯಿವೆ ಎಂದು ಸರ್ಕಾರದ ಪರವಾಗಿ ಒಬ್ಬರು ನೋಡಿ ಸಹಿ ಹಾಕಿದ ದಾಖಲೆ ಅದೊಂದೇ. ಆ ಪರೀಕ್ಷೆ ಎಲ್ಲ ಕಡೆ ಒಂದೇ ಕಟ್ಟುನಿಟ್ಟಿನಲ್ಲಿ ನಡೆಯುತ್ತದೆ ಎಂದು ನಾನು ಹೇಳಲಾರೆ. ಆದರೆ ಅವಧಿ ಮುಗಿದ ಎಫ್‌ಸಿಯೊಂದಿಗೆ ಓಡುತ್ತಿರುವ ಗಾಡಿಯ ಮಾಲೀಕ ಅಷ್ಟನ್ನೂ ಮಾಡಿಸಿಲ್ಲ ಎಂಬುದಂತೂ ಖಚಿತ. ಕಾನೂನಿನ ದೃಷ್ಟಿಯಲ್ಲಿ ಎಫ್‌ಸಿ ಇಲ್ಲದ ಸಾರಿಗೆ ವಾಹನ ನೋಂದಣಿಯೇ ಇಲ್ಲದ ವಾಹನಕ್ಕೆ ಸಮ.

ನಂತರದ್ದು ವಿಮೆ. ಇಲ್ಲಿ ಬಹಳ ಜನ ಎಡವುತ್ತಾರೆ. ಲಾರಿಗೆ ವಿಮೆ ಇದೆ ಎಂದರೆ ನಮ್ಮ ಮಾಲಿಗೂ ಇದೆ ಎಂದು ತಿಳಿಯುತ್ತಾರೆ. ಆ ವಿಮೆ ಲಾರಿ ಯಾರಿಗಾದರೂ ಗುದ್ದಿದರೆ ಅವರಿಗೆ ಪರಿಹಾರ ಕೊಡಲು, ಹೆಚ್ಚೆಂದರೆ ಲಾರಿಗೆ ಆದ ಹಾನಿ ತುಂಬಲು. ಒಳಗಿರುವ ನಿಮ್ಮ ಅಡಿಕೆ ಚೀಲಕ್ಕೂ ಫ್ರಿಜ್ಜಿಗೂ ಅದಕ್ಕೂ ಸಂಬಂಧವಿಲ್ಲ. ಮಾಲಿಗೆ ಪ್ರತ್ಯೇಕವಾಗಿ ಟ್ರಾನ್ಸಿಟ್ ವಿಮೆ ಮಾಡಿಸಬೇಕು. ಒಳನಾಡಿನ ರಸ್ತೆ ಸಾಗಣೆಗೂ ಅದನ್ನು ಮರೈನ್ ಪಾಲಿಸಿ ಎಂಬ ಹೆಸರಿನಲ್ಲೇ ಮಾರುತ್ತಾರೆ. ಸಮುದ್ರಕ್ಕೂ ನಮಗೂ ಏನು ಸಂಬಂಧ ಎಂದು ಅದನ್ನು ಪಕ್ಕಕ್ಕೆ ಸರಿಸಬೇಡಿ.

ಪರ್ಮಿಟ್ ಮೂರನೆಯದು. ರಾಜ್ಯದೊಳಗೆ ಒಂದು, ಹೊರರಾಜ್ಯಕ್ಕೆ ನ್ಯಾಷನಲ್ ಪರ್ಮಿಟ್. ಹನ್ನೆರಡು ವರ್ಷ ದಾಟಿದ ಮಾಮೂಲಿ ಲಾರಿಗೆ ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ, ಮಲ್ಟಿ ಆ್ಯಕ್ಸಲ್ ಆದರೆ ಹದಿನೈದು ವರ್ಷದವರೆಗೆ ಸಿಗುತ್ತದೆ. ನೋಂದಣಿಯ ದಿನಾಂಕ ಪರದೆಯ ಮೇಲೇ ಇರುವುದರಿಂದ ಲೆಕ್ಕ ಹಾಕುವುದು ಕಷ್ಟವಲ್ಲ. ಒಟ್ಟು ತೂಕ 3,000 ಕೆಜಿ ಮೀರದ ಸಣ್ಣ ಗಾಡಿಗಳಿಗೆ ಪರ್ಮಿಟ್ ಬೇಡ; ಹಾಗಾಗಿ ಮನೆ ಸಾಮಾನಿಗೆ ಬಂದ ಛೋಟಾ ಹಾಥಿಯ ಪರ್ಮಿಟ್ ಜಾಗ ಖಾಲಿ ಇದ್ದರೆ ಗಾಬರಿ ಬೇಕಿಲ್ಲ. ದೊಡ್ಡ ಲಾರಿಯದು ಖಾಲಿ ಇದ್ದರೆ ಮಾತ್ರ ಹಿಂದೆ ಸರಿಯಿರಿ. ಪರ್ಮಿಟ್ ಇಲ್ಲದೆ ಓಡಿಸುವುದು ವಿಮೆಯ ಮೂಲಭೂತ ಷರತ್ತನ್ನೇ ಮುರಿದಂತೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂಥ ಪ್ರಕರಣದಲ್ಲಿ ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ಅಷ್ಟು ದೊಡ್ಡ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಗಾಡಿ ಓಡಿಸುವ ಮಾಲೀಕ ನಿಮ್ಮ ಮಾಲಿನ ವಿಷಯದಲ್ಲಿ ಜವಾಬ್ದಾರನಾಗಿರುತ್ತಾನೆ ಎಂದು ನಿರೀಕ್ಷಿಸುವುದು ಕಷ್ಟ.

ನಾಗಾಲ್ಯಾಂಡಿನ ಎನ್‌ಎಲ್ ನಂಬರ್ ಪ್ಲೇಟ್ ಕಂಡರೆ ಹಲವರು ಅನುಮಾನಪಡುತ್ತಾರೆ. ತೆರಿಗೆ ಕಡಿಮೆ ಎಂದು ದೇಶದ ಬೇರೆ ಬೇರೆ ಕಡೆಯ ಲಾರಿ ಮಾಲೀಕರು ಅಲ್ಲಿ ನೋಂದಾಯಿಸುವುದು ಹಳೆಯ ರೂಢಿ. ನಂಬರ್ ಪ್ಲೇಟೊಂದರಿಂದಲೇ ಗಾಡಿ ಮೋಸದ್ದು ಎನ್ನಲಾಗದು. ಆದರೆ ಮಾಲೀಕನ ವಿಳಾಸ ಎಲ್ಲೋ ಇದ್ದು ಗಾಡಿ ಇಲ್ಲೇ ತಿರುಗುತ್ತಿದ್ದರೆ, ತೊಂದರೆಯಾದಾಗ ಯಾರನ್ನು ಹಿಡಿಯಬೇಕು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಪರಿವಾಹನ್‌ನಲ್ಲಿ ಮಾಲೀಕನ ಹೆಸರಿನ ಕೆಲವು ಅಕ್ಷರ ಮಾತ್ರ ಕಾಣಿಸುತ್ತವೆ, ಉಳಿದವು ಮರೆಯಾಗಿರುತ್ತವೆ. ಖಾಸಗಿತನದ ದೃಷ್ಟಿಯಿಂದ ಅದು ಸರಿಯೇ. ಅದಕ್ಕಾಗಿಯೇ ಆರ್‌ಸಿಯ ಫೋಟೋ ಬೇಕಾಗುವುದು: ಕಂಡ ಅಕ್ಷರಗಳು ಆರ್‌ಸಿಯ ಹೆಸರಿಗೆ ಹೊಂದಬೇಕು, ಆರ್‌ಸಿಯ ಚಾಸಿ ನಂಬರು ಗಾಡಿಯ ಚಾಸಿಯ ಮೇಲೆ ಒತ್ತಿದ ನಂಬರಿಗೆ ಹೊಂದಬೇಕು. ಬೆಲೆಬಾಳುವ ಲೋಡು ಕಾಣೆಯಾದ ಪ್ರಕರಣಗಳಲ್ಲಿ ಪೊಲೀಸರಿಗೆ ಸಿಗುವುದು ಬಹಳ ಸಲ ಬೇರೆ ಯಾವುದೋ ನಿರಪರಾಧಿ ಲಾರಿಯ ನಂಬರು. ಅಡಿಕೆ, ಏಲಕ್ಕಿ, ಕಾಫಿ ಕಳಿಸುವವರು ಟಾರ್ಚ್ ಹಿಡಿದು ಚಾಸಿ ನೋಡಲು ಸಂಕೋಚಪಡಬೇಕಿಲ್ಲ. ಚಾಸಿ ನಂಬರಿನ ಕೊನೆಯ ಐದು ಅಂಕಿ ನಿಮ್ಮಲ್ಲಿದ್ದರೆ ಇ-ಚಲನ್ ಜಾಲತಾಣದಲ್ಲಿ ಆ ಗಾಡಿಯ ಮೇಲಿರುವ ದಂಡಗಳನ್ನೂ ನೋಡಬಹುದು. ಒಂದೆರಡು ಪಾರ್ಕಿಂಗ್ ದಂಡ ಯಾರಿಗೂ ಇರುತ್ತದೆ. ಅತಿವೇಗ, ಓವರ್‌ಲೋಡ್ ಸಾಲುಸಾಲಾಗಿ ಇದ್ದರೆ ಅದು ಆ ಗಾಡಿ ಓಡುವ ರೀತಿ.

ಇಷ್ಟೆಲ್ಲ ಲಾರಿಯ ವಿಷಯ. ಇನ್ನು ಕಂಪನಿಗೆ ಬರುತ್ತೇನೆ. ಇಲ್ಲಿ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಕಾನೂನೊಂದಿದೆ. ಬ್ರಿಟಿಷರ ಕಾಲದ 1865ರ ಸಾಗಣೆದಾರರ ಕಾಯ್ದೆಯನ್ನು ತೆಗೆದುಹಾಕಿ ಸಂಸತ್ತು 2007ರಲ್ಲಿ ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆಯನ್ನು ತಂದಿತು. 2011ರಲ್ಲಿ ಅದರ ನಿಯಮಗಳೂ ಬಂದವು. ಬಾಡಿಗೆಗೆ ಎಲ್ಲರ ಮಾಲನ್ನೂ ಸಾಗಿಸುವ ಸಂಸ್ಥೆ ಕಾಮನ್ ಕ್ಯಾರಿಯರ್ ಎಂದು ನೋಂದಣಿ ಮಾಡಿಸದೆ ಈ ವ್ಯಾಪಾರ ನಡೆಸುವಂತಿಲ್ಲ ಎಂದು ಆ ಕಾಯ್ದೆ ಹೇಳುತ್ತದೆ. ನೋಂದಣಿ ಹತ್ತು ವರ್ಷ ಊರ್ಜಿತ. ಲಾರಿ ಇಟ್ಟುಕೊಂಡವರು ಮಾತ್ರವಲ್ಲ, ಸರಕು ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್, ಕೊರಿಯರ್‌ನವರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ಅಂದರೆ ಒಂದು ಟೇಬಲ್, ಒಂದು ಫೋನು, ಒಂದು ರಸೀದಿ ಪುಸ್ತಕ ಇಟ್ಟುಕೊಂಡು ನಿಮ್ಮ ಮಾಲು ಬುಕ್ ಮಾಡುವವರೂ ಅದಕ್ಕೆ ಹೊರಗಲ್ಲ. ನಿಮ್ಮ ಕಾಮನ್ ಕ್ಯಾರಿಯರ್ ನೋಂದಣಿ ಸಂಖ್ಯೆ ಎಷ್ಟು ಎಂದು ಕೇಳುವುದು ನಿಮ್ಮ ಹಕ್ಕು. ಈ ಪ್ರಶ್ನೆ ಕೇಳಿದಾಗ ಎದುರಿನವರ ಮುಖದಲ್ಲಿ ಕಾಣುವ ಬದಲಾವಣೆಯೇ ಅರ್ಧ ಉತ್ತರ ಕೊಡುತ್ತದೆ. ಗಟ್ಟಿ ಸಂಸ್ಥೆಯವರು ಪ್ರಮಾಣಪತ್ರ ತೋರಿಸುತ್ತಾರೆ. ಉಳಿದವರು ಜಿಎಸ್‌ಟಿ ನಂಬರು ಕೊಟ್ಟು ಅದೇ ಸಾಕು ಎನ್ನುತ್ತಾರೆ.

ಜಿಎಸ್‌ಟಿ ನಂಬರೂ ಉಪಯೋಗಕ್ಕೆ ಬರುವಂಥದ್ದೇ. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿದರೆ ಸಂಸ್ಥೆಯ ನಿಜವಾದ ಹೆಸರು, ನೋಂದಣಿಯಾದ ದಿನಾಂಕ, ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದು ಕಾಣುತ್ತದೆ. ಮೂವತ್ತು ವರ್ಷದ ಅನುಭವ ಎಂದು ಬೋರ್ಡು ಹಾಕಿದ ಸಂಸ್ಥೆಯ ನೋಂದಣಿ ಕಳೆದ ಚೈತ್ರದಲ್ಲಿ ಆಗಿದ್ದರೆ ಯಾಕೆ ಎಂದು ಕೇಳಬೇಕು. ಆದರೆ ಅದು ತೆರಿಗೆಯ ದಾಖಲೆ, ಸುರಕ್ಷತೆಯದಲ್ಲ. ಬ್ರೇಕ್ ಫೇಲಾಗಿ ಘಾಟಿಯಲ್ಲಿ ಉರುಳಿದ ಲಾರಿಗಳ ಲೆಕ್ಕ ಅಲ್ಲಿ ಸಿಗುವುದಿಲ್ಲ.

ಆ ಲೆಕ್ಕ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಎಲ್ಲಿಯೂ ಸಿಗುವುದಿಲ್ಲ. ಅದು ಸಿಗುವಂತೆ ಮಾಡಿದ ದೇಶಗಳಿವೆ ಎಂಬುದಕ್ಕೆ ಅಮೆರಿಕ ಉದಾಹರಣೆ. ಅಲ್ಲಿ ನೆಲೆಸಿರುವ ನಮ್ಮ ಎಷ್ಟೋ ಕುಟುಂಬಗಳು ಮನೆ ಬದಲಿಸುವಾಗ ಆ ವ್ಯವಸ್ಥೆಯನ್ನು ಬಳಸುತ್ತವೆ. 2000ದ ಜನವರಿಯಲ್ಲಿ ಶುರುವಾದ ಎಫ್‌ಎಂಸಿಎಸ್‌ಎ ಎಂಬ ಒಕ್ಕೂಟ ಸರ್ಕಾರದ ಸಂಸ್ಥೆ ಲಾರಿ ಮತ್ತು ಬಸ್ಸು ಕಂಪನಿಗಳ ಸುರಕ್ಷತೆಯನ್ನೇ ನೋಡಿಕೊಳ್ಳುತ್ತದೆ. ರಾಜ್ಯದಿಂದ ರಾಜ್ಯಕ್ಕೆ ಮಾಲು ಸಾಗಿಸುವ ಕಂಪನಿಗೆ ಡಾಟ್ ನಂಬರ್ ಎಂಬ ಒಂದು ಸಂಖ್ಯೆ ಇರುತ್ತದೆ, ಅದನ್ನು ಲಾರಿಯ ಬದಿಯಲ್ಲಿ ದೊಡ್ಡದಾಗಿ ಬರೆಸಿರಬೇಕು. ಸೇಫರ್ ಎಂಬ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಕಂಪನಿಯ ಜಾತಕ ಒಂದೇ ಪುಟದಲ್ಲಿ ಬರುತ್ತದೆ: ಎಷ್ಟು ಲಾರಿ, ಎಷ್ಟು ಚಾಲಕರು, ಓಡಿಸಲು ಅನುಮತಿ ಈಗ ಇದೆಯೇ, ಕಳೆದ 24 ತಿಂಗಳಲ್ಲಿ ರಸ್ತೆಯಲ್ಲಿ ಎಷ್ಟು ಸಲ ತಪಾಸಣೆಯಾಗಿದೆ, ಅದರಲ್ಲಿ ಎಷ್ಟು ಸಲ ದೋಷ ಗಂಭೀರವಾಗಿದ್ದು ಗಾಡಿಯನ್ನು ಅಲ್ಲೇ ನಿಲ್ಲಿಸಿದರು, ಎಷ್ಟು ಅಪಘಾತ, ಎಷ್ಟರಲ್ಲಿ ಸಾವು. ಹಾಗೆ ನಿಲ್ಲಿಸಿದ ಗಾಡಿಗಳ ಪ್ರಮಾಣದ ಪಕ್ಕದಲ್ಲೇ ದೇಶದ ಸರಾಸರಿಯೂ ಇರುತ್ತದೆ. ಅದು ನೂರಕ್ಕೆ ಇಪ್ಪತ್ತರ ಮೇಲಿದೆ. ಒಂದು ಕಂಪನಿಯದು ನಲವತ್ತಿದ್ದರೆ ಓದುವವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಆ ವ್ಯವಸ್ಥೆಯೂ ಪರಿಪೂರ್ಣವಲ್ಲ, ಅದನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ಅಲ್ಲಿ ತೋರಿಸುವ ಅಪಘಾತಗಳ ಸಂಖ್ಯೆಯಲ್ಲಿ ತಪ್ಪು ಯಾರದು ಎಂಬುದು ಸೇರಿರುವುದಿಲ್ಲ. ಹಿಂದಿನಿಂದ ಬಂದ ಕಾರು ನಿಂತ ಲಾರಿಗೆ ಗುದ್ದಿದರೂ ಲಾರಿ ಕಂಪನಿಯ ಲೆಕ್ಕಕ್ಕೆ ಒಂದು ಸೇರುತ್ತದೆ. ತೃಪ್ತಿಕರ, ಷರತ್ತುಬದ್ಧ, ಅತೃಪ್ತಿಕರ ಎಂಬ ಮೂರು ಶ್ರೇಣಿಗಳಿದ್ದರೂ ಬಹುಪಾಲು ಕಂಪನಿಗಳಿಗೆ ಯಾವ ಶ್ರೇಣಿಯನ್ನೂ ಕೊಟ್ಟಿರುವುದಿಲ್ಲ. ಸರಕು ಲಾರಿ ಕಂಪನಿಗಳನ್ನು ಒಂದರೊಂದಿಗೆ ಹೋಲಿಸುವ ಅಂಕಗಳನ್ನು ಮೊದಲು ಎಲ್ಲರೂ ನೋಡಬಹುದಿತ್ತು. 2015ರಲ್ಲಿ ಅಲ್ಲಿನ ಸಂಸತ್ತು ಒಂದು ಕಾಯ್ದೆಯ ಮೂಲಕ ಅದನ್ನು ಸಾರ್ವಜನಿಕರ ಕಣ್ಣಿಂದ ತೆಗೆಸಿತು. ಅಂಕಗಳ ಲೆಕ್ಕಾಚಾರ ನ್ಯಾಯವಾಗಿಲ್ಲ ಎಂಬುದು ಉದ್ಯಮದವರ ವಾದವಾಗಿತ್ತು. ಕೆಟ್ಟ ದಾಖಲೆಯ ಕಂಪನಿ ಬಾಗಿಲು ಮುಚ್ಚಿ, ಅದೇ ಲಾರಿಗಳನ್ನು ಹೊಸ ಹೆಸರು ಹೊಸ ನಂಬರಿನಲ್ಲಿ ಮತ್ತೆ ಓಡಿಸುವುದೂ ಅಲ್ಲಿದೆ. ಅಂಥವನ್ನು ಊಸರವಳ್ಳಿ ಕಂಪನಿ ಎಂದೇ ಕರೆಯುತ್ತಾರೆ. ಹಾಗಿದ್ದರೂ ಡಲ್ಲಾಸಿನಿಂದ ಸಿಯಾಟಲ್‌ಗೆ ಮನೆ ಸಾಗಿಸುವ ಕನ್ನಡತಿಯೊಬ್ಬಳು ಅಡ್ವಾನ್ಸ್ ಕೊಡುವ ಮೊದಲು ಆ ಪುಟ ನೋಡಬಹುದು, ತನ್ನೊಡನೆ ಮಾತಾಡುತ್ತಿರುವವರು ಲಾರಿ ಇರುವ ಕಂಪನಿಯೋ ಬರಿಯ ಬ್ರೋಕರೋ ಎಂಬುದನ್ನು ತಿಳಿಯಬಹುದು. ದಾವಣಗೆರೆಯಿಂದ ಮಂಗಳೂರಿಗೆ ಮನೆ ಸಾಗಿಸುವ ಅವಳ ಅಮ್ಮನಿಗೆ ಆ ಅನುಕೂಲ ಇಲ್ಲ.

ನಮ್ಮಲ್ಲಿ ಮಾಹಿತಿಯೇ ಇಲ್ಲವೆಂದಲ್ಲ. ಅಪಘಾತವಾದ ಸ್ಥಳದಲ್ಲೇ ಪೊಲೀಸರು ವಿವರ ದಾಖಲಿಸುವ ಐರಾಡ್ ಎಂಬ ವ್ಯವಸ್ಥೆಯನ್ನು ಮದ್ರಾಸ್ ಐಐಟಿ ಮತ್ತು ಎನ್‌ಐಸಿ ಸೇರಿ ರೂಪಿಸಿವೆ, ಈಗ ಅದು ಇ-ಡಾರ್ ಆಗಿ ಬೆಳೆದಿದೆ. ವಾಹನದ ನಂಬರು ಹಾಕಿದರೆ ವಾಹನ್‌ನಿಂದ, ಚಾಲಕನ ಲೈಸೆನ್ಸ್ ನಂಬರು ಹಾಕಿದರೆ ಸಾರಥಿಯಿಂದ ವಿವರ ಅದಕ್ಕೆ ತಾನಾಗಿ ಬರುತ್ತದೆ. ಪೊಲೀಸರು, ಸಾರಿಗೆ ಅಧಿಕಾರಿಗಳು, ಆಸ್ಪತ್ರೆಗಳು ಅದನ್ನು ಬಳಸುತ್ತವೆ. ಮಾಲು ಕಳಿಸುವ ನಾಗರಿಕರಿಗೆ ಅದರಲ್ಲಿ ಪ್ರವೇಶವಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಯಾವ ರಾಜ್ಯದಲ್ಲಿ ಎಷ್ಟು, ಯಾವ ರಸ್ತೆಯಲ್ಲಿ ಎಷ್ಟು ಎಂಬುದನ್ನು ಆ ವರದಿಗಳಲ್ಲಿ ಓದಬಹುದು. ಯಾವ ಸಾಗಣೆ ಸಂಸ್ಥೆಯ ಗಾಡಿಗಳಿಂದ ಎಷ್ಟು ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ.

ಇದಕ್ಕೆ ಉದ್ಯಮದ ಸ್ವರೂಪವೂ ಒಂದು ಕಾರಣ ಎಂಬುದನ್ನು ಒಪ್ಪಬೇಕು. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರುವಾಗಿ ಹುಬ್ಬಳ್ಳಿಯಲ್ಲಿ ನೆಲೆನಿಂತ ವಿಆರ್‌ಎಲ್‌ನಂತೆ ತಮ್ಮದೇ ಲಾರಿಗಳನ್ನಿಟ್ಟುಕೊಂಡು ಬೆಳೆದ ಸಂಸ್ಥೆಗಳು ಕಡಿಮೆ. ನಮ್ಮ ಲಾರಿಗಳಲ್ಲಿ ದೊಡ್ಡ ಪಾಲು ಒಂದೆರಡು, ಹೆಚ್ಚೆಂದರೆ ನಾಲ್ಕೈದು ಗಾಡಿ ಇರುವ ಸಣ್ಣ ಮಾಲೀಕರದು. ಎಷ್ಟೋ ಕಡೆ ಮಾಲೀಕನೇ ಚಾಲಕ. ಟ್ರಾನ್ಸ್‌ಪೋರ್ಟ್ ಆಫೀಸು ನಿಮ್ಮಿಂದ ಬುಕಿಂಗ್ ಪಡೆದು ಮಾರ್ಕೆಟ್ ಗಾಡಿ ಹಿಡಿಯುತ್ತದೆ. ರಸೀದಿಯ ಮೇಲೆ ಒಂದು ಹೆಸರು, ಲಾರಿಯ ಮೇಲೆ ಇನ್ನೊಂದು, ಆರ್‌ಸಿಯಲ್ಲಿ ಮತ್ತೊಂದು. ಅಪಘಾತವಾದಾಗ ಕೇಸು ಬೀಳುವುದು ಚಾಲಕನ ಮೇಲೆ, ವಿಮೆಯ ಜಗಳ ಮಾಲೀಕನದು, ರಸೀದಿ ಕೊಟ್ಟ ಸಂಸ್ಥೆ ಮಾರನೆಯ ದಿನ ಬೇರೆ ಗಾಡಿ ಹಿಡಿದು ವ್ಯಾಪಾರ ಮುಂದುವರಿಸುತ್ತದೆ. ನನಗೆ ಎಲ್ಲಕ್ಕಿಂತ ಅನ್ಯಾಯವೆನಿಸುವುದು ಇದು. ಚಾಲಕನಿಗೆ ನಿದ್ದೆ ಬಿಡಿಸಿ ಓಡಿಸಿದ ಒತ್ತಡ ಎಲ್ಲಿಂದ ಬಂತೋ ಅವರ ಹೆಸರು ಯಾವ ದಾಖಲೆಯಲ್ಲೂ ನಿಲ್ಲುವುದಿಲ್ಲ. ದೂರದ ಓಟಕ್ಕೂ ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಯಾವ ಸಂಸ್ಥೆ ಆ ಮಾತನ್ನು ಪಾಲಿಸುತ್ತದೆ ಎಂದು ನೋಡಲು ನಮಗೆ ದಾರಿಯಿಲ್ಲ.

ಹಾಗಾಗಿ ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ದೊಡ್ಡ ಆಯುಧ ಮಾಲು ಬುಕ್ ಮಾಡಿದಾಗ ಸಿಗುವ ಲಾರಿ ರಸೀದಿ, ಅಂದರೆ ಎಲ್‌ಆರ್. ಉತ್ತರ ಕರ್ನಾಟಕದ ಮಂಡಿಗಳಲ್ಲಿ ಇದನ್ನೇ ಬಿಲ್ಟಿ ಎನ್ನುತ್ತಾರೆ. ಇದರಲ್ಲಿ ಬಹಳ ಜನ ನೋಡದೆ ಬಿಡುವ ಒಂದು ಜಾಗವೆಂದರೆ ಮಾಲಿನ ಮೌಲ್ಯ ಬರೆಯುವ ಜಾಗ. 2007ರ ಕಾಯ್ದೆಯ ಪ್ರಕಾರ ಮಾಲು ಕಳೆದರೆ ಅಥವಾ ಹಾಳಾದರೆ, ಕಳಿಸುವವರು ಮೊದಲೇ ಹೆಚ್ಚಿನ ಮೌಲ್ಯ ಘೋಷಿಸಿರದಿದ್ದರೆ, ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಲೆಕ್ಕ ಹಾಕಿ. ನೂರು ಕ್ವಿಂಟಲ್ ಅಡಿಕೆ, ಕ್ವಿಂಟಲ್‌ಗೆ 45,000 ರೂಪಾಯಿ ಎಂದಿಟ್ಟುಕೊಂಡರೆ ಲೋಡಿನ ಬೆಲೆ 45 ಲಕ್ಷ. ಬಾಡಿಗೆ 80,000 ಎಂದುಕೊಂಡರೆ ಹತ್ತು ಪಟ್ಟು ಎಂದರೆ 8 ಲಕ್ಷ. ಆ ಜಾಗ ಖಾಲಿ ಬಿಟ್ಟ ಒಂದೇ ಕಾರಣಕ್ಕೆ 37 ಲಕ್ಷ ಕೈತಪ್ಪುತ್ತದೆ. ಮೌಲ್ಯ ಬರೆಸಿದರೆ ಸಾಗಣೆದಾರರು ಸ್ವಲ್ಪ ಹೆಚ್ಚು ದರ ಕೇಳಬಹುದು. ಕೇಳಲಿ, ಕೊಡಿ. ಇನ್ನೊಂದು ಮಾತು: ಮಾಲು ತಲುಪದಿದ್ದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು, ಇಲ್ಲದಿದ್ದರೆ ದಾವೆ ಹೂಡಲಾಗದು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂಬ ಫೋನಿನ ಮಾತು ನಂಬಿ ಆರು ತಿಂಗಳು ಕಳೆದುಕೊಂಡ ಮನೆಯವರನ್ನು ನಾನು ಕಂಡಿದ್ದೇನೆ. ಅವರ ಕೈಯಲ್ಲಿದ್ದ ರಸೀದಿಯ ಮೇಲೆ ಸಂಸ್ಥೆಯ ಹೆಸರಿತ್ತು, ವಿಳಾಸವಿರಲಿಲ್ಲ, ಗಾಡಿ ನಂಬರೂ ಇರಲಿಲ್ಲ. ಮೌಲ್ಯದ ಜಾಗದಲ್ಲಿ ಒಂದು ಅಡ್ಡಗೀಟು ಇತ್ತು.

ಮನೆ ಸಾಮಾನಿನ ವಿಷಯದಲ್ಲಿ ಮೋಸ ಇನ್ನೂ ಸುಲಭ. ಹೆಸರುವಾಸಿ ಸಂಸ್ಥೆಯ ಹೆಸರಿಗೆ ಒಂದು ಅಕ್ಷರ ಸೇರಿಸಿ ಪ್ಯಾಕರ್ಸ್ ಮತ್ತು ಮೂವರ್ಸ್ ಎಂದು ಜಾಹೀರಾತು ಕೊಡುತ್ತಾರೆ. ಫೋನಿನಲ್ಲಿ ಒಂದು ದರ, ಸಾಮಾನು ಲಾರಿ ಹತ್ತಿದ ಮೇಲೆ ಇನ್ನೊಂದು ದರ. ಹಣ ಹಾಕಬೇಕಾದ ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ. ಜಿಎಸ್‌ಟಿ ಜಾಲತಾಣದಲ್ಲಿ ಕಂಡ ಹೆಸರಿಗೂ ಖಾತೆಯ ಹೆಸರಿಗೂ ಸಂಬಂಧವಿಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಪೆಟ್ಟಿಗೆಗಳ ಪಟ್ಟಿ ಮಾಡಿ ಎರಡೂ ಕಡೆಯವರು ಸಹಿ ಹಾಕಬೇಕು, ಮುರಿಯುವ ವಸ್ತುಗಳ ಫೋಟೋ ತೆಗೆದಿಡಬೇಕು.

ಪರಿಶೀಲನೆ ಎಂಬುದು ಒಂದೇ ಕಡೆಯದಲ್ಲ ಎಂಬುದನ್ನೂ ಹೇಳಬೇಕು. ಹತ್ತು ಟನ್ನಿನ ಗಾಡಿಗೆ ಹದಿಮೂರು ಟನ್ ಹಾಕಿಸುವವರು ನಾವೇ. ಎರಡು ದಿನದ ದಾರಿಯನ್ನು ಒಂದೂವರೆ ದಿನದಲ್ಲಿ ಮುಗಿಸಿದರೆ ಬಕ್ಷೀಸು ಎನ್ನುವವರೂ ನಾವೇ. ಓವರ್‌ಲೋಡಿಗೆ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸದೆ ಗಾಡಿ ಮುಂದೆ ಹೋಗುವಂತಿಲ್ಲ. ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಕಾರಣರಾದವರಿಗೂ ಅನ್ವಯಿಸುವಂತೆ ಆ ಸೆಕ್ಷನ್ ಬರೆದಿದ್ದಾರೆ. ಘಾಟಿಯ ಇಳಿಜಾರಿನಲ್ಲಿ ಆ ಮೂರು ಟನ್ ಬ್ರೇಕಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ಶಿರಾಡಿಯಲ್ಲಿ ಗಾಡಿ ಓಡಿಸುವ ಯಾವ ಚಾಲಕನೂ ಹೇಳಬಲ್ಲ. ಲೋಡಾದ ಮೇಲೆ ವೇಬ್ರಿಡ್ಜ್ ಚೀಟಿ ತರಿಸಿ, ಆರ್‌ಸಿಯಲ್ಲಿರುವ ಒಟ್ಟು ತೂಕದೊಂದಿಗೆ ಹೋಲಿಸಿ ನೋಡಿ. ಲಾರಿಯ ಸುತ್ತ ಒಮ್ಮೆ ನಡೆದು ಟೈರು ನೋಡಿ. ಸವೆದು ನುಣ್ಣಗಾದ ಟೈರನ್ನು ಗುರುತಿಸಲು ಯಾವ ತರಬೇತಿಯೂ ಬೇಡ. ಚಾಲಕನನ್ನು ಕಡೆಯ ಬಾರಿ ಎಷ್ಟು ಹೊತ್ತಿಗೆ ಮಲಗಿದಿರಿ ಎಂದು ಕೇಳಿ. ಅವರಿಗೆ ಚಹಾ ಕೊಡಿ, ಬೇಕಾದರೆ ಎರಡು ಗಂಟೆ ಮಲಗಲು ಜಾಗವನ್ನೂ ಕೊಡಿ.

ಉಳಿದದ್ದು ಸರ್ಕಾರ ಮಾಡಬೇಕಾದ ಕೆಲಸ. ಕಾಮನ್ ಕ್ಯಾರಿಯರ್ ನೋಂದಣಿ ಮಾಡುವುದು ಸಾರಿಗೆ ಪ್ರಾಧಿಕಾರವೇ, ವಾಹನ್ ದಾಖಲೆ ಇರುವುದೂ ಸಾರಿಗೆ ಇಲಾಖೆಯ ಬಳಿಯೇ, ಇ-ಡಾರ್‌ನಲ್ಲಿ ಅಪಘಾತಗಳ ವಿವರವೂ ಇದೆ. ಇವು ಮೂರನ್ನು ಜೋಡಿಸಿ, ನೋಂದಾಯಿತ ಸಾಗಣೆ ಸಂಸ್ಥೆಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ, ಪ್ರತಿ ಸಂಸ್ಥೆಯ ಮುಂದೆ ಅದು ಬುಕ್ ಮಾಡಿದ ಗಾಡಿಗಳ ಓವರ್‌ಲೋಡ್ ಮತ್ತು ಗಂಭೀರ ಅಪಘಾತಗಳ ಸಂಖ್ಯೆಯನ್ನು ತೋರಿಸುವುದು ಆಗದ ಕೆಲಸವಲ್ಲ. ಮಾಲು ಸಾಗಿಸುವಾಗ ತೆರಿಗೆ ಲೆಕ್ಕಕ್ಕಾಗಿ ತೆಗೆಯುವ ಇ-ವೇ ಬಿಲ್ಲಿನಲ್ಲಿ ಸಾಗಣೆದಾರನ ಗುರುತು ಸಂಖ್ಯೆ ಮತ್ತು ಗಾಡಿ ನಂಬರು ಎರಡೂ ಇರುವುದರಿಂದ ಯಾವ ಗಾಡಿ ಯಾರ ಪರವಾಗಿ ಓಡಿತು ಎಂಬ ಕೊಂಡಿಯೂ ಈಗಾಗಲೇ ಇದೆ. 2018ರ ಏಪ್ರಿಲ್ 1ರಂದು ಹೊರರಾಜ್ಯದ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾದಾಗ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಜಾರಿಗೆ ತಂದದ್ದು ಕರ್ನಾಟಕ ಮಾತ್ರ. ತೆರಿಗೆಗೆ ತೋರಿದ ಆ ಮುಂದಾಳ್ತನವನ್ನು ಜನರ ಜೀವದ ವಿಷಯದಲ್ಲೂ ತೋರಬೇಕು ಎಂಬುದು ನನ್ನ ಒತ್ತಾಯ. ಅಮೆರಿಕದವರು ಮಾಡಿದಂತೆ ತಪ್ಪು ಯಾರದೆಂದು ಹೇಳದೆ ಬರಿಯ ಅಪಘಾತಗಳ ಸಂಖ್ಯೆ ಕೊಟ್ಟರೆ ಸಣ್ಣ ಮಾಲೀಕರಿಗೆ ಅನ್ಯಾಯವಾಗುತ್ತದೆ. ಪೊಲೀಸ್ ತನಿಖೆಯ ಫಲಿತಾಂಶವನ್ನೂ ಜೊತೆಗೆ ಕೊಡಲಿ.

ಅದು ಬರುವವರೆಗೆ ಕಾಯುತ್ತಾ ಕೂರಬೇಕಿಲ್ಲ. ನಿಮ್ಮ ಊರಿನ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಕಾಮನ್ ಕ್ಯಾರಿಯರ್ ನೋಂದಣಿ ಇದೆಯೇ, ಅದರ ಅವಧಿ ಎಂದಿನವರೆಗೆ ಎಂದು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಆರ್‌ಟಿಒ ಕಚೇರಿಗೆ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡುವುದು ಅವರ ಕರ್ತವ್ಯ. ಎಪಿಎಂಸಿ ವರ್ತಕರ ಸಂಘಗಳು ಮನಸ್ಸು ಮಾಡಿದರೆ ಇದು ಇನ್ನೂ ಸುಲಭ: ತಮ್ಮ ಯಾರ್ಡಿನಲ್ಲಿ ಬುಕಿಂಗ್ ಮಾಡುವ ಎಲ್ಲ ಸಂಸ್ಥೆಗಳ ನೋಂದಣಿ ಸಂಖ್ಯೆಯನ್ನು ಒಮ್ಮೆ ತರಿಸಿ ಸಂಘದ ಫಲಕದಲ್ಲಿ ಹಾಕಿದರೆ, ಪ್ರತಿಯೊಬ್ಬ ರೈತನೂ ಬೇರೆ ಬೇರೆಯಾಗಿ ಕೇಳುವ ಕಷ್ಟ ತಪ್ಪುತ್ತದೆ. ಈ ಸೀಸನ್ನಿನ ಮಾಲು ಯಾರ್ಡಿಗೆ ಬರುವ ಮೊದಲೇ ಆ ಕೆಲಸ ಮಾಡಿ ಎಂದು ಶಿವಮೊಗ್ಗ, ಬ್ಯಾಡಗಿ, ಕೋಲಾರ, ಯಶವಂತಪುರದ ವರ್ತಕರಲ್ಲಿ ಕೇಳಿಕೊಳ್ಳುತ್ತೇನೆ.